ಸರಿಯುವ ಅಂಕಿಗಳು, ನೆನಪಿಡುವ ಯಂತ್ರಗಳು

ಲಿಫ್ಟಿನ ಗುಂಡಿಯನ್ನು ಒತ್ತಿದಾಗ ಅದು ಮೇಲೇರಬೇಕೋ ಕೆಳಗಿಳಿಯಬೇಕೋ ಎಂಬುದು ಗುಂಡಿಯೊಂದರಿಂದಲೇ ತೀರ್ಮಾನವಾಗುವುದಿಲ್ಲ. ಲಿಫ್ಟು ಆಗ ಎಲ್ಲಿದೆಯೆಂಬುದೂ ಮುಖ್ಯ. ಹೀಗೆ ಎಣಿಕೆಗೆ ಸಿಗುವಷ್ಟೇ ಸ್ಥಿತಿಗಳಿದ್ದು, ಈಗಿನ ಸ್ಥಿತಿ ಮತ್ತು ಹೊರಗಿನ ಸೂಚನೆಗಳನ್ನು ಆಧರಿಸಿ ಮುಂದಿನ ಸ್ಥಿತಿಗೆ ಸಾಗುವ ವ್ಯವಸ್ಥೆಯನ್ನು ಪರಿಮಿತ ಸ್ಥಿತಿ ಯಂತ್ರವೆಂದು ಕರೆಯಲಾಗುತ್ತದೆ. ಹೊರಗಿನ ಸೂಚನೆಯಿಲ್ಲದೆ ತಾನೇ ಸಾಗುವ ಯಂತ್ರಗಳೂ ಉಂಟು.

ವಿದ್ಯುನ್ಮಾನ ಮಂಡಲದಲ್ಲಿ ಈ ಸ್ಥಿತಿಯನ್ನು ಫ್ಲಿಪ್-ಫ್ಲಾಪ್‌ಗಳು 0 ಅಥವಾ 1 ಎಂಬ ಅಂಕಿಯಾಗಿ ಕಾಯ್ದಿಡುತ್ತವೆ. ಸಾಮಾನ್ಯ ವಿಧಾನದಲ್ಲಿ ಪ್ರತಿಯೊಂದು ಫ್ಲಿಪ್-ಫ್ಲಾಪ್‌ಗೂ ಪ್ರತ್ಯೇಕ ತರ್ಕಮಂಡಲವನ್ನು ರಚಿಸಬೇಕು. ಶಿಫ್ಟ್ ರಿಜಿಸ್ಟರ್‌ನಲ್ಲಾದರೋ ಅವು ಸಾಲಾಗಿ ಜೋಡಣೆಗೊಂಡಿದ್ದು, ಗಡಿಯಾರದ ಪ್ರತಿಯೊಂದು ಮಿಡಿತಕ್ಕೂ ಒಂದು ಮನೆಯ ಅಂಕಿ ಪಕ್ಕದ ಮನೆಗೆ ಸರಿಯುತ್ತದೆ. ವಿನ್ಯಾಸಕಾರನು ನಿರ್ಧರಿಸಬೇಕಾದುದು ಮೊದಲ ಮನೆಗೆ ಬರುವ ಹೊಸ ಅಂಕಿಯನ್ನು ಮಾತ್ರ. ಎಲ್ಲ ಯಂತ್ರಗಳೂ ಈ ಅಚ್ಚಿಗೆ ಒಗ್ಗವು. ಒಗ್ಗಿದಲ್ಲಿ ಉಳಿತಾಯ ಗಣನೀಯ.

ಮೂರು ಮನೆಗಳ ರಿಜಿಸ್ಟರನ್ನು ತೆಗೆದುಕೊಳ್ಳೋಣ. ಕೊನೆಯ ಎರಡು ಮನೆಗಳ ಅಂಕಿಗಳು ಬೇರೆಬೇರೆಯಾಗಿದ್ದರೆ 1, ಒಂದೇ ಆಗಿದ್ದರೆ 0 ಮೊದಲ ಮನೆಗೆ ಬರಲಿ. 111ರಿಂದ ಹೊರಟರೆ 011, 001, 100, 010, 101, 110 ಎಂದು ಸಾಗಿ ಮತ್ತೆ 111 ಬರುತ್ತದೆ. ಒಟ್ಟು ಏಳು ಸ್ಥಿತಿಗಳು. ಎಂಟನೆಯದಾದ 000 ಎಲ್ಲಿ ಹೋಯಿತು? ಅಪಾಯವಿರುವುದು ಅಲ್ಲಿಯೇ. ವಿದ್ಯುತ್ ಹರಿದೊಡನೆ ಅಥವಾ ಯಾವುದೋ ಅಡಚಣೆಯಿಂದ ರಿಜಿಸ್ಟರು 000ಕ್ಕೆ ಬಂದರೆ, ಮುಂದಿನ ಅಂಕಿಯೂ 0 ಆಗಿ ಯಂತ್ರವು ಅಲ್ಲಿಯೇ ಸಿಲುಕಿಕೊಳ್ಳುತ್ತದೆ. ಕಾಗದದ ಮೇಲೆ ವಿನ್ಯಾಸವು ನಿರ್ದೋಷವಾಗಿಯೇ ಕಾಣುತ್ತದೆ! ಮೊದಲೆರಡು ಮನೆಗಳು 0 ಆಗಿದ್ದಾಗ ಬರಬೇಕಾದ ಅಂಕಿಯನ್ನು ತಿರುವುಮುರುವು ಮಾಡಿದರೆ 001ರ ನಂತರ 000, ಆ ನಂತರ 100 ಬರುತ್ತವೆ; ಎಂಟು ಸ್ಥಿತಿಗಳೂ ಒಂದೇ ಸುತ್ತಿನಲ್ಲಿ ಸೇರುತ್ತವೆ.

ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯು 2013ರ ಜುಲೈ 1ರಂದು ಮೊದಲ ಉಪಗ್ರಹವನ್ನು ಹಾರಿಸಿದ ನಾವಿಕ್ ಪಥದರ್ಶಕ ವ್ಯವಸ್ಥೆಯಲ್ಲಿಯೂ ಇದೇ ತತ್ತ್ವವಿದೆ. ಎಲ್-5 ಮತ್ತು ಎಸ್ ತರಂಗಪಟ್ಟಿಗಳಲ್ಲಿನ ಅದರ ನಾಗರಿಕ ಸಂಕೇತವನ್ನು ಹತ್ತು ಹತ್ತು ಮನೆಗಳ ಎರಡು ರಿಜಿಸ್ಟರುಗಳು ಸೇರಿ ಉತ್ಪಾದಿಸುತ್ತವೆ. 000ದಂತಹ ಸ್ಥಿತಿಯನ್ನು ಬಿಟ್ಟು ಪ್ರತಿಯೊಂದಕ್ಕೂ 1,023 ಸ್ಥಿತಿಗಳು. ಸುತ್ತು ಒಂದು ಮಿಲಿಸೆಕೆಂಡಿನಲ್ಲಿ ಮುಗಿಯುತ್ತದೆ. ಮೊದಲನೆಯ ರಿಜಿಸ್ಟರು ಎಲ್ಲ ಮನೆಗಳಲ್ಲಿಯೂ 1 ತುಂಬಿಕೊಂಡು ಹೊರಡುತ್ತದೆ. ಎರಡನೆಯದರ ಆರಂಭ ಸ್ಥಿತಿ ಉಪಗ್ರಹದಿಂದ ಉಪಗ್ರಹಕ್ಕೆ ಬೇರೆ. ಆ ಭೇದದಿಂದಲೇ ನೆಲದ ಮೇಲಿನ ಗ್ರಾಹಕವು ಯಾವ ಸಂಕೇತ ಯಾವ ಉಪಗ್ರಹದ್ದೆಂದು ಗುರುತಿಸುತ್ತದೆ.