ಪಿಯುಸಿಗೆ ಮುಂಚೆ ಕೂಡಿಸಿಕೊಳ್ಳಬೇಕಾದ ಇಂಗ್ಲಿಷ್ ಪದಗಳು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಇಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ ಮಕ್ಕಳು ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ಕೂಡಲೇ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ ಎಲ್ಲವೂ ಇಂಗ್ಲಿಷಿಗೆ ತಿರುಗುತ್ತವೆ. ಪಾವಗಡದ ಕಡೆಯ ಎಷ್ಟೋ ಮಕ್ಕಳಿಗೆ ಮನೆಮಾತು ತೆಲುಗು, ಶಾಲೆಯ ಮಾತು ಕನ್ನಡ, ಇಂಗ್ಲಿಷ್ ಮೂರನೆಯದು. ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುತ್ತಿದ್ದರೂ ಪಿಯುಸಿಯ ಮೊದಲ ತಿಂಗಳುಗಳಲ್ಲಿ ಬುದ್ಧಿವಂತ ಮಕ್ಕಳೇ ತಬ್ಬಿಬ್ಬಾಗುತ್ತಾರೆ. ಕೆಲವರು ವಿಜ್ಞಾನ ಬಿಟ್ಟು ಬೇರೆ ವಿಭಾಗಕ್ಕೆ ಹೋಗುತ್ತಾರೆ.

ಅವರನ್ನು ಎಡವಿಸುವುದು ಯಾವ ಪದ? ದೊಡ್ಡ ದೊಡ್ಡ ಪಾರಿಭಾಷಿಕ ಪದಗಳು ಎಂದು ನಾವು ಅಂದುಕೊಳ್ಳುತ್ತೇವೆ. ಆದರೆ ಫೋಟೊಸಿಂಥಸಿಸ್ ಎಂದರೇನೆಂದು ಉಪನ್ಯಾಸಕರು ಇಡೀ ಒಂದು ಪೀರಿಯಡ್ ವಿವರಿಸುತ್ತಾರೆ, ಚಿತ್ರ ಬರೆಯುತ್ತಾರೆ. ಅದೇ ಪಾಠದಲ್ಲಿ ಬರುವ ಅಸ್ಯೂಮ್, ಡಿರೈವ್, ಇಂಡಿಕೇಟ್, ವೇರಿ, ಸಿಗ್ನಿಫಿಕೆಂಟ್ ಎಂಬ ಪದಗಳನ್ನು ಯಾರೂ ವಿವರಿಸುವುದಿಲ್ಲ. ಅವು ಗೊತ್ತಿವೆ ಎಂದೇ ಎಲ್ಲರೂ ನಂಬಿರುತ್ತಾರೆ. ದಿನಬಳಕೆಯ ಇಂಗ್ಲಿಷಿನಲ್ಲಿ ಅವು ಬರುವುದು ಕಡಿಮೆ, ಪಾರಿಭಾಷಿಕ ಪದಕೋಶದಲ್ಲಂತೂ ಇಲ್ಲ. ಹೈಸ್ಕೂಲಿನ ಮೂರು ವರ್ಷಗಳಲ್ಲಿ ಗಳಿಸಬೇಕಾದ ಮುಂದುವರಿದ ಶಬ್ದಸಂಪತ್ತು ಎಂದರೆ ಈ ನಡುವಿನ ಪದಗಳೇ ಎಂಬುದು ಈ ಅಧ್ಯಾಯದ ವಾದ.

ಇಂಥ ಪದಗಳು ಎಷ್ಟಿವೆ ಎಂಬ ಲೆಕ್ಕವನ್ನು ವಿದ್ವಾಂಸರು ಹಿಂದೆಯೇ ಹಾಕಿದ್ದಾರೆ. ಢಾಕಾದಲ್ಲಿ ಶಿಕ್ಷಕರ ತರಬೇತಿಯ ಕೆಲಸದಲ್ಲಿದ್ದು, ಬಂಗಾಳದ ಮಕ್ಕಳು ಇಂಗ್ಲಿಷ್ ಓದಲು ಪಡುವ ಕಷ್ಟವನ್ನು ಹತ್ತಿರದಿಂದ ಕಂಡ ಮೈಕೇಲ್ ವೆಸ್ಟ್ ಎಂಬವರು, ತೀರಾ ಬಳಕೆಯಲ್ಲಿರುವ ಸುಮಾರು 2000 ಇಂಗ್ಲಿಷ್ ಪದಗಳ ಪಟ್ಟಿಯನ್ನು 1953ರಲ್ಲಿ ಪ್ರಕಟಿಸಿದರು. ಸಾಮಾನ್ಯ ಬರಹದ ಸುಮಾರು ಶೇ. 80ರಷ್ಟು ಪದಗಳು ಇಂಥ ಎರಡು ಸಾವಿರದೊಳಗೇ ಮುಗಿಯುತ್ತವೆ. 2000ದಲ್ಲಿ ನ್ಯೂಜಿಲೆಂಡಿನ ಆ್ಯವರಿಲ್ ಕಾಕ್ಸ್‌ಹೆಡ್ ಅವರು ಕಾಲೇಜು ಮಟ್ಟದ ಪುಸ್ತಕ, ಲೇಖನಗಳನ್ನು ಜಾಲಾಡಿ, ಎಲ್ಲ ವಿಷಯಗಳಲ್ಲೂ ಮತ್ತೆ ಮತ್ತೆ ಬರುವ 570 ಪದಕುಟುಂಬಗಳನ್ನು ಹೆಕ್ಕಿದರು. ಶಾಸ್ತ್ರೀಯ ಬರಹದ ಸುಮಾರು ಹತ್ತನೇ ಒಂದು ಭಾಗ ಇವುಗಳದ್ದೇ. ಮೇಲೆ ಹೇಳಿದ ಐದೂ ಪದಗಳು ಆ ಪಟ್ಟಿಯಲ್ಲಿವೆ. 570 ಎಂದರೆ ಮೂರು ವರ್ಷಕ್ಕೆ ಹಂಚಿದರೆ ವಾರಕ್ಕೆ ನಾಲ್ಕು. ಯಾವ ಹಳ್ಳಿ ಶಾಲೆಯ ಮಗುವಿಗೂ ಇದು ಹೊರೆಯಲ್ಲ. ಅಪರೂಪದ ಪದಗಳನ್ನು ಉರು ಹೊಡೆಸಿ ‘ಅಡ್ವಾನ್ಸ್ಡ್ ವೊಕ್ಯಾಬುಲರಿ’ ಎಂದು ಮಾರುವ ಗೈಡುಗಳ ಮೇಲೆ ಮಕ್ಕಳ ಹೊತ್ತು, ಅಪ್ಪ ಅಮ್ಮನ ದುಡ್ಡು ಎರಡೂ ಹಾಳಾಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಪದಗಳನ್ನು ಒಂದೊಂದಾಗಿ ಕಲಿಯುವುದಕ್ಕಿಂತ ಬೇರು ಹಿಡಿದು ಕಲಿಯುವುದು ಸುಲಭ. ಕನ್ನಡ ಮಾಧ್ಯಮದ ಮಕ್ಕಳಿಗೆ ಇಲ್ಲಿ ಒಂದು ದೊಡ್ಡ ಅನುಕೂಲವಿದೆ, ಅದನ್ನು ಅವರಿಗೆ ಯಾರೂ ಹೇಳುವುದಿಲ್ಲ. ಮಧುಗಿರಿ ಬೆಟ್ಟವನ್ನು ನಾವೆಲ್ಲ ಏಕಶಿಲಾ ಬೆಟ್ಟ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಅದು ಮೊನೊಲಿತ್. ಗ್ರೀಕಿನಲ್ಲಿ ಮೊನೊ ಎಂದರೆ ಒಂದು, ಲಿತ್ ಎಂದರೆ ಕಲ್ಲು. ಈ ಎರಡು ತುಣುಕು ಕೈಗೆ ಸಿಕ್ಕಿದ ಮೇಲೆ ಸಮಾಜ ವಿಜ್ಞಾನದ ನಿಯೊಲಿಥಿಕ್ ನವಶಿಲಾಯುಗವಾಗುತ್ತದೆ, ಭೂಗೋಳದ ಲಿಥೊಸ್ಫಿಯರ್ ಶಿಲಾಗೋಳವಾಗುತ್ತದೆ, ರಸಾಯನಶಾಸ್ತ್ರದ ಲಿಥಿಯಂ ಕಲ್ಲಿನಲ್ಲಿ ಸಿಕ್ಕ ಧಾತುವೆಂದು ಗುರುತಾಗುತ್ತದೆ. ಇತ್ತ ಮೊನೊ ಹಿಡಿದು ಹೊರಟರೆ ಮೊನಾಪಲಿ, ಒಬ್ಬನೇ ಮಾರುವ ಏಕಸ್ವಾಮ್ಯ. ಮೊನಾಟನಸ್, ಒಂದೇ ರಾಗದ ಏಕತಾನ. ಫೋಟೊಸಿಂಥಸಿಸ್ ಕೂಡ ಹಾಗೆಯೇ ಬಿಡಿಸಿಕೊಳ್ಳುತ್ತದೆ. ಅದಕ್ಕೆ ನಮ್ಮ ಪಠ್ಯದ ಹೆಸರು ದ್ಯುತಿಸಂಶ್ಲೇಷಣೆ. ಫೋಟೊ ಎಂದರೆ ದ್ಯುತಿ, ಬೆಳಕು. ಸಿನ್ ಎಂದರೆ ಸಂ, ಜೊತೆಗೆ. ಉಳಿದದ್ದು ಕೂಡಿಸುವಿಕೆ. ಎಂಡೊಥರ್ಮಿಕ್ ಎಂದರೆ ಅಂತರುಷ್ಣಕ, ಎಕ್ಸೊಥರ್ಮಿಕ್ ಎಂದರೆ ಬಹಿರುಷ್ಣಕ. ಥರ್ಮಾಮೀಟರ್, ಥರ್ಮಾಸ್ ಫ್ಲಾಸ್ಕ್ ಅದೇ ಮನೆಯವು. ಕನ್ನಡದಲ್ಲಿ ವಿಜ್ಞಾನವನ್ನು ಅರ್ಥಮಾಡಿಕೊಂಡು ಓದಿದ ಮಗುವಿಗೆ ವಿಚಾರವೂ ಗೊತ್ತು, ಪದ ಕಟ್ಟಿದ ರೀತಿಯೂ ಗೊತ್ತು. ಅದಕ್ಕೆ ಬೇಕಿರುವುದು ಇಂಗ್ಲಿಷಿನ ತುಣುಕುಗಳ ಪರಿಚಯ ಮಾತ್ರ. ‘ಕನ್ನಡ ಮೀಡಿಯಂ, ಏನೂ ಬರಲ್ಲ’ ಎಂಬ ಮಾತನ್ನು ಆ ಮಗುವಿನ ಎದುರು ಯಾರೂ ಆಡಬಾರದು.

ಲ್ಯಾಟಿನ್ ಬೇರುಗಳೂ ನಮ್ಮ ಸುತ್ತಲೇ ಇವೆ. ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು ಸುತ್ತಮುತ್ತ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದ ಸೋಲಾರ್ ಪಾರ್ಕ್ ಇದೆ. ರೈತರು ಜಮೀನನ್ನು ಮಾರದೆ ಲೀಸ್‌ಗೆ ಕೊಟ್ಟಿದ್ದಾರೆ. ಅಲ್ಲಿಂದ ಹೊರಡುವ ಟ್ರಾನ್ಸ್‌ಮಿಷನ್ ಲೈನುಗಳನ್ನು ಮಕ್ಕಳು ದಿನವೂ ನೋಡುತ್ತಾರೆ. ಟ್ರಾನ್ಸ್ ಎಂದರೆ ಆಚೆಗೆ, ಮಿಟ್ ಎಂದರೆ ಕಳಿಸು. ಅಡ್ಮಿಟ್, ಪರ್ಮಿಟ್, ಸಬ್‌ಮಿಟ್, ಟ್ರಾನ್ಸ್‌ಮಿಟ್ ನಾಲ್ಕೂ ಒಂದೇ ಸಾಲಿನವು. ನಾಮಪದವಾದಾಗ ಅಡ್ಮಿಷನ್, ಪರ್ಮಿಷನ್ ಎಂದಾಗುತ್ತವೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆಮರಗಳಿಗೆ ಬಣ್ಣದ ಕೊಕ್ಕರೆಗಳು ಬಂದು ಗೂಡು ಕಟ್ಟುತ್ತವೆ. ಅಲ್ಲಿಂದ ಮೈಗ್ರೇಟ್, ಮೈಗ್ರೇಷನ್, ಇಮಿಗ್ರಂಟ್. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳಿಂದ ಹರ್ಬಿವೋರ್, ಅದರ ಬೆನ್ನಿಗೆ ಕಾರ್ನಿವೋರ್, ಆಮ್ನಿವೋರ್. ಕಣ್ಣಿಗೆ ಕಂಡದ್ದಕ್ಕೆ ಅಂಟಿಕೊಂಡ ಪದ ಸುಲಭಕ್ಕೆ ಮರೆಯುವುದಿಲ್ಲ. ಬೇರಿನ ಊಹೆ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ ಎನ್ನುವುದೂ ನಿಜ. ಆದ್ದರಿಂದ ಊಹಿಸಿದ ಮೇಲೆ ನಿಘಂಟು ತೆಗೆದು ನೋಡಲೇಬೇಕು.

ಒಂದು ಪದ ಬರುತ್ತದೆ ಎನ್ನಬೇಕಾದರೆ ಅರ್ಥವೊಂದೇ ಸಾಲದು. ಉಚ್ಚಾರ ಬೇಕು, ಕಾಗುಣಿತ ಬೇಕು, ಅದು ಯಾವ ಪದದ ಜೊತೆ ಹೋಗುತ್ತದೆ ಎಂಬುದೂ ಗೊತ್ತಿರಬೇಕು. ಜೋರು ಮಳೆಗೆ ಇಂಗ್ಲಿಷಿನಲ್ಲಿ ಹೆವಿ ರೇನ್ ಎನ್ನುತ್ತಾರೆ, ಬಿಗ್ ರೇನ್ ಎನ್ನುವುದಿಲ್ಲ. ತಪ್ಪು ಮಾಡುವುದಕ್ಕೆ ಮೇಕ್, ಹೋಮ್‌ವರ್ಕ್ ಮಾಡುವುದಕ್ಕೆ ಡೂ. ಇದಕ್ಕೆ ನಿಯಮವಿಲ್ಲ; ಜೋಡಿಯಾಗಿಯೇ ಬರೆದಿಟ್ಟುಕೊಳ್ಳಬೇಕು. ಇನ್ನು, ಪುಸ್ತಕದ ಸಾಲಿನ ಮೇಲೆ ಪೆನ್ಸಿಲಿನಲ್ಲಿ ಉಚ್ಚಾರವನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಳ್ಳುವ ಅಭ್ಯಾಸ ನಮ್ಮ ಶಾಲೆಗಳಲ್ಲಿ ಎಲ್ಲೆಲ್ಲೂ ಇದೆ. ಕೆಲವು ಮೇಷ್ಟ್ರು ಅದಕ್ಕೆ ಗದರುತ್ತಾರೆ. ಗದರಬೇಕಿಲ್ಲ. ಡೆಟ್ ಎಂಬ ಪದದಲ್ಲಿ ಬರೆದ ‘ಬಿ’ ಬಾಯಿಗೆ ಬರುವುದಿಲ್ಲ. ಬರೆದಂತೆ ಓದುವ ಭಾಷೆಯಿಂದ ಬಂದ ಮಗುವಿಗೆ ಒಂದು ಊರುಗೋಲು ಬೇಕೇಬೇಕು. ಎರಡನೇ ಸಲ ಓದುವಾಗ ಆ ಪೆನ್ಸಿಲ್ ಗುರುತನ್ನು ಅಳಿಸಿಬಿಟ್ಟರೆ ಆಯಿತು.

ಪದ ಒಂದು ಸಲ ಕಂಡರೆ ಉಳಿಯುವುದಿಲ್ಲ. ಕಲಿತದ್ದು ಮೊದಲ ದಿನಗಳಲ್ಲೇ ಬಹುಪಾಲು ಮರೆತುಹೋಗುತ್ತದೆ ಎಂಬುದನ್ನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿಕೊಟ್ಟರು. ಹಾಗಾಗಿ ಇಂದು ಬರೆದದ್ದನ್ನು ನಾಳೆ, ವಾರ ಬಿಟ್ಟು, ತಿಂಗಳು ಬಿಟ್ಟು ತಿರುವಿ ಹಾಕಬೇಕು. ಅರ್ಥವನ್ನು ಕೈಯಲ್ಲಿ ಮುಚ್ಚಿ ನೆನಪಿಸಿಕೊಳ್ಳಬೇಕು. ಬರೀ ಓದಿಕೊಂಡು ಹೋದರೆ ಪ್ರಯೋಜನ ಕಡಿಮೆ.

ನಿಘಂಟಿನ ವಿಷಯ ಬಂದಾಗ ಮಧುಗಿರಿಯವರು ಹೆಮ್ಮೆಯಿಂದ ನೆನೆಯಬೇಕಾದ ಹೆಸರೊಂದಿದೆ. ಕನ್ನಡ ಸಾಹಿತ್ಯ ಪರಿಷತ್ತಿನ ಬೃಹತ್ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ, ‘ಇಗೋ ಕನ್ನಡ’ ಅಂಕಣದ ಜಿ. ವೆಂಕಟಸುಬ್ಬಯ್ಯನವರ ಬಾಲ್ಯದ ಓದು ನಡೆದದ್ದು ಬನ್ನೂರು ಮತ್ತು ಮಧುಗಿರಿಗಳಲ್ಲಿ. 1913ರಲ್ಲಿ ಹುಟ್ಟಿ 2021ರವರೆಗೆ ಬದುಕಿದ ಅವರು ಕನ್ನಡ-ಕನ್ನಡ-ಇಂಗ್ಲಿಷ್ ನಿಘಂಟನ್ನೂ ಮಾಡಿಕೊಟ್ಟಿದ್ದಾರೆ. ಕನ್ನಡ ಪದಕ್ಕೆ ಇಂಗ್ಲಿಷ್ ಪದ ಹುಡುಕುವವರಿಗೆ ಮೊಬೈಲಿನಲ್ಲಿ ವಿ. ಕೃಷ್ಣ ಅವರ ‘ಅಲರ್’ ನಿಘಂಟು ಉಚಿತವಾಗಿ ಸಿಗುತ್ತದೆ.

ಎಲ್ಲಕ್ಕಿಂತ ಒಳ್ಳೆಯ ನಿಘಂಟಿನ ಅರ್ಧ ಭಾಗವಂತೂ ಮಕ್ಕಳ ಚೀಲದಲ್ಲೇ ಇದೆ. ಹತ್ತನೇ ತರಗತಿಯ ಗಣಿತ, ವಿಜ್ಞಾನದ ಪಠ್ಯಗಳು ಕನ್ನಡ, ಇಂಗ್ಲಿಷ್ ಎರಡೂ ಮಾಧ್ಯಮಗಳಲ್ಲಿವೆ; ಪಾಠಗಳು ಅವೇ, ಲೆಕ್ಕಗಳು ಅವೇ. ಎರಡರ ವರ್ಗಮೂಲ ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸುವ ಪ್ರಮೇಯವನ್ನು ತೆಗೆದುಕೊಳ್ಳಿ. ಅದು ಭಾಗಲಬ್ಧ ಎಂದು ಭಾವಿಸೋಣ ಎಂದು ಶುರುಮಾಡಿ, ವೈರುಧ್ಯಕ್ಕೆ ಬಂದು ಮುಗಿಸುತ್ತೇವೆ. ಇಂಗ್ಲಿಷ್ ಪುಸ್ತಕದ ಅದೇ ಪುಟ ತೆರೆದರೆ ಭಾವಿಸೋಣ ಎಂಬಲ್ಲಿ ಅಸ್ಯೂಮ್ ಇದೆ, ವೈರುಧ್ಯದ ಜಾಗದಲ್ಲಿ ಕಾಂಟ್ರಡಿಕ್ಷನ್ ಇದೆ. ಕಾಂಟ್ರ ಎಂದರೆ ವಿರುದ್ಧ, ಡಿಕ್ಟ್ ಎಂದರೆ ಹೇಳು. ಡಿಕ್ಟೇಷನ್ ಬರೆಯದ ಮಗು ಯಾವುದಿದೆ? ವಿಷಯ ಮೊದಲೇ ಗೊತ್ತಿರುವುದರಿಂದ ಗಮನವೆಲ್ಲ ಪದದ ಮೇಲೆ ನಿಲ್ಲುತ್ತದೆ, ಆ ಪದ ನಡುವಿನ ಪದವೇ ಆಗಿರುತ್ತದೆ.

ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದು ಕಾಲೇಜು ಶುರುವಾಗುವವರೆಗೆ ಮಕ್ಕಳಿಗೆ ಬಿಡುವಿರುತ್ತದೆ. ಆ ದಿನಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಜ್ಞಾನ, ಗಣಿತ ಪುಸ್ತಕಗಳನ್ನು ಎಲ್ಲಿಂದಲಾದರೂ ಎರವಲು ತನ್ನಿ, ನಿಮ್ಮ ಕನ್ನಡ ಪುಸ್ತಕದ ಪಕ್ಕದಲ್ಲಿಟ್ಟು ಪಾಠಕ್ಕೆ ಪಾಠ ಓದಿ. ಮುಖ್ಯೋಪಾಧ್ಯಾಯರಲ್ಲಿ ಒಂದು ಕೋರಿಕೆ: ಪ್ರತಿ ಹೈಸ್ಕೂಲಿನ ಗ್ರಂಥಾಲಯದಲ್ಲೂ ಇಂಗ್ಲಿಷ್ ಮಾಧ್ಯಮದ ಪಠ್ಯಗಳ ಒಂದಿಷ್ಟು ಪ್ರತಿಗಳನ್ನು ಇಡಿ, ಬೀರುವಿನ ನಿಘಂಟುಗಳನ್ನು ತರಗತಿಗೆ ತಂದು ಮಕ್ಕಳ ಕೈಗೆ ಕೊಡಿ.