ದಿಂಬಂ ಇಳಿಯುವ ಮುನ್ನ

ಕೊಳ್ಳೇಗಾಲದವರಿಗೆ ಕೊಯಮತ್ತೂರು ಒಂದು ಕಾಲಕ್ಕೆ ಪರರಾಜ್ಯವಲ್ಲ, ಜಿಲ್ಲಾ ಕೇಂದ್ರ. 1956ರ ನವೆಂಬರ್ 1ರಂದು ತಾಲ್ಲೂಕು ಮೈಸೂರು ರಾಜ್ಯಕ್ಕೆ ಸೇರುವವರೆಗೂ ಕಲೆಕ್ಟರ್ ಕಚೇರಿಯ ಕೆಲಸವೆಂದರೆ ಅಲ್ಲಿನವರು ಕೊಯಮತ್ತೂರಿನತ್ತ ಮುಖ ಮಾಡಬೇಕಿತ್ತು. ಈಗ ಅದೇ ದಿಕ್ಕಿಗೆ ಕಾರು ಹೊರಡಿಸುವವರು ಮೊದಲು ಕೇಳುವ ಪ್ರಶ್ನೆ ಬೇರೆ: 'ದಿಂಬಂ ಗೇಟು ಎಷ್ಟು ಹೊತ್ತಿಗೆ ಹಾಕ್ತಾರೆ?'

ಚಾಮರಾಜನಗರ ದಾಟಿ, ಪುಣಜನೂರು, ಹಾಸನೂರುಗಳ ಕಾಡು ಕಳೆದರೆ ದಿಂಬಂ ಘಟ್ಟ. ಅಲ್ಲಿಂದ 27 ಹೇರ್‌ಪಿನ್ ತಿರುವು ಇಳಿದರೆ ಬಣ್ಣಾರಿ ಅಮ್ಮನ ಗುಡಿ. ಮುಂದೆ ಸತ್ಯಮಂಗಲ, ಪುಳಿಯಂಪಟ್ಟಿ. ಅಲ್ಲಿ ದಾರಿ ಕವಲಾಗುತ್ತದೆ: ಅನ್ನೂರಿನ ಕಡೆಗೆ ಹೋದರೆ ಕೊಯಮತ್ತೂರು, ಅವಿನಾಶಿಯ ಕಡೆಗೆ ಹೋದರೆ ತಿರುಪ್ಪೂರು. ಡಾ. ರಾಜ್‌ಕುಮಾರ್ ಅವರ ದೊಡ್ಡಗಾಜನೂರು ಇರುವುದು ಇದೇ ಘಟ್ಟದ ಮೇಲಿನ ತಾಳವಾಡಿ ಸೀಮೆಯಲ್ಲಿ. ಇಂದಿಗೂ ಅಲ್ಲಿ ಮನೆಮಾತು ಕನ್ನಡ.

ರಾತ್ರಿ ಗೇಟು ಹಾಕುವ ನಿಯಮ ಒಂದೇ ದಿನದಲ್ಲಿ ಬಂದದ್ದಲ್ಲ. ಸತ್ಯಮಂಗಲದ ಕಾಡು 2008ರಲ್ಲಿ ವನ್ಯಧಾಮವಾಯಿತು, 2013ರಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ನಡುವೆ 2009ರಲ್ಲಿ ನಮ್ಮ ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಂತಿತು. ಆದರೆ ದಿಂಬಂನಲ್ಲಿ ಲಾರಿಗಳು ಇಡೀ ರಾತ್ರಿ ಓಡುತ್ತಲೇ ಇದ್ದವು. ಚಿರತೆ, ಜಿಂಕೆಗಳು ಚಕ್ರಕ್ಕೆ ಸಿಕ್ಕಿ ಸಾಯುತ್ತಲೇ ಇದ್ದವು. 2019ರಲ್ಲಿ ಈರೋಡ್ ಜಿಲ್ಲಾಧಿಕಾರಿ ರಾತ್ರಿ ನಿರ್ಬಂಧದ ಆದೇಶ ಹೊರಡಿಸಿದರೂ ಅದು ಕಡತದಲ್ಲೇ ಉಳಿಯಿತು. ಕೊನೆಗೆ ಮದ್ರಾಸ್ ಹೈಕೋರ್ಟ್ ಹೇಳಿದ ಮೇಲೆ, 2022ರ ಫೆಬ್ರುವರಿ 10ರಿಂದ ಜಾರಿಗೆ ಬಂತು.

ತಾಳವಾಡಿಯ ರೈತರು ಬೀದಿಗಿಳಿದರು. ಹಗಲು ಕಿತ್ತ ತರಕಾರಿ ಬೆಳಗಾಗುವಷ್ಟರಲ್ಲಿ ಕೆಳಗಿನ ಮಾರುಕಟ್ಟೆ ಸೇರದಿದ್ದರೆ ಅವರಿಗೆ ಬೆಲೆ ಸಿಗದು. ಅವರ ಕೂಗು ನ್ಯಾಯವಾದದ್ದೇ. ಮುಂದೆ ನ್ಯಾಯಾಲಯ ಸ್ಥಳೀಯರಿಗೆ ಸಡಿಲಿಕೆ ಕೊಟ್ಟು, 16.2 ಟನ್ ಮೀರಿದ ಭಾರಿ ಲಾರಿಗಳನ್ನು ಘಟ್ಟದಿಂದ ದೂರ ಇಟ್ಟಿತು. ಊರಿನವರ ಬದುಕನ್ನೂ ಕಾಡಿನ ಜೀವವನ್ನೂ ಒಟ್ಟಿಗೆ ನೋಡಿದ ಈ ತೀರ್ಮಾನ ಸರಿಯೆಂದೇ ನನ್ನ ಅಭಿಪ್ರಾಯ.

ಹಾಸನೂರಿನ ಆಸುಪಾಸಿನಲ್ಲಿ ಕಬ್ಬಿನ ಲಾರಿಗೆ ಕಾದು ನಿಲ್ಲುವ ಆನೆಗಳಿವೆ. ಚಾಲಕರು ಎಸೆದ ಕಬ್ಬಿನ ರುಚಿಯೇ ಅವನ್ನು ರಸ್ತೆಗೆ ಎಳೆದು ತಂದಿದೆ. ಆನೆ ಎದುರಾದರೆ ಹಾರ್ನ್ ಬೇಡ, ಇಳಿದು ಫೋಟೊ ತೆಗೆಯುವುದು ಬೇಡ, ತಿನ್ನಲು ಏನನ್ನೂ ಎಸೆಯಬೇಡಿ. ದೂರದಲ್ಲೇ ನಿಂತು ಕಾಯಿರಿ. ತಿರುವಿನಲ್ಲಿ ಏರಿ ಬರುವ ವಾಹನಕ್ಕೆ ಮೊದಲ ಹಕ್ಕು, ಇಳಿಯುವವರು ನಿಂತು ದಾರಿ ಬಿಡಬೇಕು. ಇದು ದೇಶಕ್ಕೆಲ್ಲ ಒಂದೇ ಕಾನೂನು. ಇಳಿಯುವಾಗ ಬರೀ ಬ್ರೇಕನ್ನು ನಂಬದೆ, ಏರಲು ಬೇಕಾಗುವ ಗೇರಿನಲ್ಲೇ ಇಳಿಯಿರಿ. ತಮಿಳು ಓದಲು ಬಾರದಿದ್ದರೆ ಎರಡು ಮಾತು ಕಲಿತಿರಿ: 'ಕೊಂಡೈ ಊಸಿ ವಳೈವು' ಎಂದರೆ ಹೇರ್‌ಪಿನ್ ತಿರುವು, 'ಮೆದುವಾಗ' ಎಂದರೆ ನಿಧಾನ. 'ಯಾನೈ' ಯಾರೆಂದು ನಮಗೆ ಹೇಳಿಕೊಡಬೇಕಿಲ್ಲ.

ಗೇಟಿನ ಗೊಡವೆಯೇ ಬೇಡವೆಂದು ಬೆಂಗಳೂರಿನವರು ಹೊಸೂರು, ಸೇಲಂ ಹೆದ್ದಾರಿ ಹಿಡಿದು ರಾತ್ರಿಯಿಡೀ ಓಡಿಸುತ್ತಾರೆ. ಅಲ್ಲಿ ಇಂಥ ಹೇರ್‌ಪಿನ್ ತಿರುವುಗಳಿಲ್ಲ. ಇರುವುದು ನಿದ್ದೆ. 2020ರ ಫೆಬ್ರುವರಿ 20ರ ನಸುಕಿನಲ್ಲಿ ತಿರುಪ್ಪೂರು ಜಿಲ್ಲೆಯ ಅವಿನಾಶಿ ಬಳಿ ಕಂಟೇನರ್ ಲಾರಿಯೊಂದು ವಿಭಜಕ ದಾಟಿ ಬಂದು, ಬೆಂಗಳೂರಿನಿಂದ ಎರ್ನಾಕುಲಂಗೆ ಹೊರಟಿದ್ದ ಕೇರಳ ಸಾರಿಗೆ ಬಸ್ಸಿಗೆ ಬಡಿಯಿತು. 19 ಮಂದಿ ಸತ್ತರು. ಕಾಡಿನ ಗೇಟು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಹೆದ್ದಾರಿಯಲ್ಲಿ ನಾವೇ ನಿಲ್ಲಬೇಕು.

ಹಾಗಾಗಿ ಯಾವ ದಾರಿಯಾದರೂ ಬೆಳಕಿರುವಾಗಲೇ ಹೊರಡಿ. ಗೇಟಿನ ವೇಳೆಯನ್ನು ಮೊದಲೇ ವಿಚಾರಿಸಿಕೊಳ್ಳಿ. ಚಾಮರಾಜನಗರದಲ್ಲೇ ಸಂಜೆಯಾಯಿತೋ, ಅಲ್ಲೇ ತಂಗಿ. ಬೆಳಗ್ಗೆ ಆರಕ್ಕೆ ದಾರಿ ಮತ್ತೆ ತೆರೆಯುತ್ತದೆ.