ಸಮರಭೂಮಿಗಳ ಯಾತ್ರೆ

ಪ್ಯಾರಿಸ್ಸಿನಿಂದ ಬ್ರಸೆಲ್ಸಿಗೆ ಹೋಗುವ ಹೆದ್ದಾರಿಯು ಫ್ರಾನ್ಸಿನ ಉತ್ತರದ ಬಯಲನ್ನು ಹಾಯುವಾಗ, ಪ್ರೇಕ್ಷಣೀಯವೆನ್ನಬಹುದಾದ ಪರ್ವತವಾಗಲಿ ಪ್ರಾಸಾದವಾಗಲಿ ಕಣ್ಣಿಗೆ ಬೀಳದೆ, ಗೋಧಿಯ ಮತ್ತು ಸಕ್ಕರೆ ಬೀಟಿನ ಹೊಲಗಳೇ ಬಹುದೂರ ಸರಿದುಹೋಗುವುದರಿಂದ, ನಮ್ಮ ದೇಶದಿಂದ ಹೋದ ಪ್ರವಾಸಿಗರು ಆ ಭಾಗವನ್ನು ಎರಡು ರಾಜಧಾನಿಗಳ ನಡುವಣ ಬರಿಯ ಅಂತರವೆಂದು ಎಣಿಸುವುದು ಸಹಜ. ಆದರೆ ಆ ಹೊಲಗಳ ನಡುವೆ ಅಲ್ಲಲ್ಲಿ, ತಗ್ಗಾದ ಗೋಡೆಯೊಳಗೆ, ಬಿಳಿಯ ಕಲ್ಲಿನ ಫಲಕಗಳು ಸಾಲುಗಟ್ಟಿ ನಿಂತಿರುವುದನ್ನು ಒಮ್ಮೆ ಗಮನಿಸಿದವರ ಕಣ್ಣು ಆಮೇಲೆ ಅವನ್ನೇ ಅರಸತೊಡಗುತ್ತದೆ. ಉತ್ತರ ಸಮುದ್ರದ ತೀರದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೆ, ಸುಮಾರು 700 ಕಿಲೋಮೀಟರು ಉದ್ದಕ್ಕೆ, 1914ರಿಂದ 1918ರವರೆಗೆ ಸೇನೆಗಳು ನೆಲವನ್ನು ಅಗೆದು ಕಂದಕಗಳಲ್ಲಿ ಎದುರುಬದುರಾಗಿ ಕುಳಿತಿದ್ದ ರೇಖೆ ಇದೇ ಹೊಲಗಳ ಮೂಲಕ ಹಾದುಹೋಗಿತ್ತು. ಆ ರೇಖೆಯ ಜಾಡು ಹಿಡಿದು, ಇತಿಹಾಸ ಬಲ್ಲ ಮಾರ್ಗದರ್ಶಕನೊಬ್ಬನ ಜೊತೆಯಲ್ಲಿ, ತಂಡವಾಗಿ ನಾಲ್ಕಾರು ದಿನ ಸಂಚರಿಸುವ ಪ್ರವಾಸಗಳು ಬ್ರಿಟನ್ನಿನವರಿಗೂ ಆಸ್ಟ್ರೇಲಿಯದವರಿಗೂ ಬಹಳ ಹಿಂದಿನಿಂದ ಪರಿಚಿತ. ನಮ್ಮವರಿಗೆ ಅವು ಇನ್ನೂ ಅಪರಿಚಿತ. ಹಾಗಿರಬಾರದೆಂಬುದು ನನ್ನ ಅಭಿಮತ. ಏಕೆಂದರೆ ಆ ಕಲ್ಲುಗಳ ಮೇಲೆ ಕೆತ್ತಿರುವ ಹೆಸರುಗಳಲ್ಲಿ ನಮ್ಮವೂ ಉಂಟು.

ಈ ಪ್ರವಾಸಗಳ ಹುಟ್ಟು ಶೋಕದಲ್ಲಿದೆ. ಸತ್ತ ಸೈನಿಕರ ಶರೀರಗಳನ್ನು ಸ್ವದೇಶಕ್ಕೆ ತರತಕ್ಕದ್ದಲ್ಲ, ಬಿದ್ದ ನೆಲದಲ್ಲಿಯೇ ಸಂಗಡಿಗರ ಪಕ್ಕದಲ್ಲಿ ಹೂಳತಕ್ಕದ್ದು ಎಂದು ಬ್ರಿಟನ್ ನಿಶ್ಚಯಿಸಿದ್ದರಿಂದ, ಮಗನ ಗೋರಿಯನ್ನು ಕಾಣಬೇಕೆಂದ ತಾಯಿ ಸಮುದ್ರವನ್ನು ದಾಟಿಯೇ ಹೋಗಬೇಕಾಯಿತು. 1917ರಲ್ಲಿ ಫೇಬಿಯನ್ ವೇರ್ ಎಂಬಾತನ ಶ್ರಮದಿಂದ ಸ್ಥಾಪಿತವಾದ ಯುದ್ಧಸಮಾಧಿ ಆಯೋಗವು, ಸಿರಿವಂತರು ತಮ್ಮ ಮಕ್ಕಳಿಗೆ ಅಮೃತಶಿಲೆಯ ಮಂಟಪ ಕಟ್ಟಿಸಿ ಬಡವನ ಮಗನನ್ನು ಮರದ ಶಿಲುಬೆಯಡಿ ಬಿಡುವಂತಾಗಬಾರದೆಂದು, ಸೇನಾಪತಿಗೂ ಸಾಮಾನ್ಯ ಸಿಪಾಯಿಗೂ ಒಂದೇ ಅಳತೆಯ ಒಂದೇ ಕಲ್ಲು ಎಂಬ ನಿಯಮವನ್ನು, ಪಾರ್ಲಿಮೆಂಟಿನಲ್ಲಿ ಬಲವಾದ ವಿರೋಧ ಬಂದರೂ ಬಿಡದೆ, ಜಾರಿಗೆ ತಂದಿತು. ಆಯೋಗದ ಸಾಹಿತ್ಯ ಸಲಹೆಗಾರನಾಗಿದ್ದ ರಡ್ಯಾರ್ಡ್ ಕಿಪ್ಲಿಂಗನೇ 1915ರ ಲೂಸ್ ಕದನದಲ್ಲಿ ಮಗನನ್ನು ಕಳೆದುಕೊಂಡು, ಅವನ ಗೋರಿ ಎಲ್ಲಿದೆಯೆಂದು ತಿಳಿಯದೆಯೇ ತೀರಿಕೊಂಡನು. ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ, 1917ರಲ್ಲಿ, ಟೈರು ತಯಾರಿಸುವ ಮಿಶೆಲಿನ್ ಕಂಪನಿ ರಣಭೂಮಿಗಳ ಮಾರ್ಗದರ್ಶಿ ಪುಸ್ತಕಗಳನ್ನು ಅಚ್ಚುಹಾಕಲಾರಂಭಿಸಿತು. 1928ರಲ್ಲಿ ಬ್ರಿಟಿಷ್ ಮಾಜಿ ಸೈನಿಕರ ಸಂಘ ಏರ್ಪಡಿಸಿದ ಯಾತ್ರೆಯಲ್ಲಿ ಸುಮಾರು 11,000 ಜನ ಒಟ್ಟಿಗೆ ಹೊರಟರು.

ಇಂದು ಇಂಥ ಪ್ರವಾಸಕ್ಕೆ ಸೇರಿದವರು ಸಾಮಾನ್ಯವಾಗಿ ಬೆಲ್ಜಿಯಮ್ಮಿನ ಈಪ್ರ್ ಪಟ್ಟಣದಲ್ಲಿಯೋ ಫ್ರಾನ್ಸಿನ ಅರಾಸ್‌ನಲ್ಲಿಯೋ ತಂಗಿ, ಬೆಳಿಗ್ಗೆ ಬಸ್ಸಿನಲ್ಲಿ ಹೊರಟು, ಮುಖ್ಯ ಸ್ಥಳಗಳಲ್ಲಿ ಇಳಿದು ನಡೆಯುತ್ತಾರೆ. ಮಾರ್ಗದರ್ಶಕರಲ್ಲಿ ಅನೇಕರು ನಿವೃತ್ತ ಸೇನಾಧಿಕಾರಿಗಳು ಇಲ್ಲವೆ ಇತಿಹಾಸದ ಅಧ್ಯಾಪಕರು. ಅವರ ವಿದ್ಯೆಯ ಸಾರವೆಲ್ಲ ನೆಲವನ್ನು ಓದಿಸುವುದರಲ್ಲಿದೆ. ಬರಿಗಣ್ಣಿಗೆ ಸಪಾಟಾಗಿ ತೋರುವ ಬಯಲಿನಲ್ಲಿ ಒಂದು ಕಡೆ ನಿಲ್ಲಿಸಿ, ಕಂದಕಗಳ ಹಳೆಯ ನಕ್ಷೆಯೊಂದನ್ನು ಕೈಗೆ ಕೊಟ್ಟು, ನಿಮ್ಮ ಕಾಲ ಕೆಳಗಿನ ಇಳಿಜಾರನ್ನು ತೋರಿಸಿ, ಮೇಲಿದ್ದವನಿಗೆ ಕೆಳಗಿದ್ದವನ ಪ್ರತಿಯೊಂದು ಚಲನೆಯೂ ಹೇಗೆ ಕಾಣುತ್ತಿತ್ತೆಂದು ವಿವರಿಸಿದಾಗ, ಸಮುದ್ರಮಟ್ಟದಿಂದ ಐವತ್ತು ಅರವತ್ತು ಮೀಟರು ಮಾತ್ರ ಎತ್ತರವಿರುವ ಪಾಶನ್‌ಡೇಲ್ ದಿಬ್ಬಕ್ಕಾಗಿ 1917ರ ಮಳೆಯಲ್ಲಿ, ಕೆಸರಿನಲ್ಲಿ, ಲಕ್ಷಾಂತರ ಜನ ಸತ್ತು ಗಾಯಗೊಂಡದ್ದೇಕೆಂಬುದು ಪುಸ್ತಕದಿಂದ ತಿಳಿಯದಷ್ಟು ಸ್ಪಷ್ಟವಾಗಿ ತಿಳಿಯುತ್ತದೆ. ಆದುದರಿಂದ ಒಂದು ವಾರದಲ್ಲಿ ಎರಡು ಮಹಾಯುದ್ಧಗಳನ್ನೂ ಐದು ದೇಶಗಳನ್ನೂ ತೋರಿಸುತ್ತೇವೆನ್ನುವ ಪ್ರವಾಸವನ್ನು ನಾನು ಯಾರಿಗೂ ಹೇಳಲಾರೆ. ಈ ನೆಲ ಬಸ್ಸಿನ ಕಿಟಕಿಯಿಂದ ಏನನ್ನೂ ಹೇಳುವುದಿಲ್ಲ.

ಈಪ್ರ್ ಪಟ್ಟಣ ಆ ಯುದ್ಧದಲ್ಲಿ ಸಂಪೂರ್ಣವಾಗಿ ನೆಲಸಮವಾಗಿತ್ತು. ಇಂದು ಅಲ್ಲಿ ಕಾಣುವ ಮಧ್ಯಯುಗದ ಬಟ್ಟೆವ್ಯಾಪಾರಿಗಳ ಮಹಾಭವನ ಹಳೆಯದರಂತೆಯೇ ಮತ್ತೆ ಕಟ್ಟಿದುದು. ಆ ಕೆಲಸ ಮುಗಿದದ್ದು 1967ರಲ್ಲಿ. ಪಟ್ಟಣದ ಉತ್ತರಕ್ಕೆ, 1915ರ ಏಪ್ರಿಲ್ 22ರ ಸಂಜೆ, ಜರ್ಮನರು ಕ್ಲೋರಿನ್ ಅನಿಲವನ್ನು ಗಾಳಿಗೆ ಬಿಟ್ಟು, ವಿಷವಾಯುವಿನ ಯುದ್ಧಕ್ಕೆ ದೊಡ್ಡ ಪ್ರಮಾಣದಲ್ಲಿ ನಾಂದಿ ಹಾಡಿದರು. ಸಮೀಪದ ಟೈನ್ ಕಾಟ್ ಶ್ಮಶಾನದಲ್ಲಿ ಸುಮಾರು 12,000 ಗೋರಿಗಳಿದ್ದು, ಅವುಗಳಲ್ಲಿ 8,000ಕ್ಕೂ ಹೆಚ್ಚಿನವುಗಳ ಮೇಲೆ ಹೆಸರಿಲ್ಲ. ಅಲ್ಲಿಂದ ನೇರವಾಗಿ ಲಾಂಗೆಮಾರ್ಕಿನ ಜರ್ಮನ್ ಶ್ಮಶಾನಕ್ಕೆ ಕರೆದೊಯ್ಯುವ ಮಾರ್ಗದರ್ಶಕನು ಬುದ್ಧಿವಂತನೆಂದೇ ಹೇಳಬೇಕು. ಓಕ್ ಮರಗಳ ನೆರಳಿನಲ್ಲಿ ನೆಲಕ್ಕೆ ಸಮನಾಗಿ ಮಲಗಿಸಿದ ಕಪ್ಪು ಕಲ್ಲುಗಳು. ಪ್ರವೇಶದ್ವಾರಕ್ಕೆ ಎದುರಾಗಿ, ಒಂದೇ ಗುಂಡಿಯಲ್ಲಿ ಸುಮಾರು 25,000 ಜನ. ಸೋತ ಪಕ್ಷದ ತಾಯಂದಿರೂ ಇಲ್ಲಿಗೆ ಬಂದಿದ್ದರೆಂಬುದನ್ನು ಮರೆತು ಮಾಡುವ ಪ್ರವಾಸವು ಅರ್ಧ ಪ್ರವಾಸ.

ಸಂಜೆ ಎಂಟು ಗಂಟೆಗೆ ಎಲ್ಲರೂ ಈಪ್ರಿನ ಮೆನಿನ್ ದ್ವಾರದ ಕಮಾನಿನಡಿಯಲ್ಲಿ ಸೇರುತ್ತಾರೆ. 1927ರಲ್ಲಿ ಉದ್ಘಾಟಿತವಾದ ಆ ದ್ವಾರದ ಗೋಡೆಗಳ ತುಂಬ, ಮೆಟ್ಟಲುಗಳ ಪಕ್ಕದವರೆಗೂ, ಶರೀರವೇ ಸಿಕ್ಕದ 54,000ಕ್ಕೂ ಮಿಕ್ಕ ಸೈನಿಕರ ಹೆಸರುಗಳಿವೆ. ಪೋಲೀಸರು ರಸ್ತೆಯಲ್ಲಿ ವಾಹನಗಳನ್ನು ತಡೆಯುತ್ತಾರೆ. ಊರಿನ ಅಗ್ನಿಶಾಮಕ ದಳಕ್ಕೆ ಸೇರಿದ ಕಹಳೆಗಾರರು ರಸ್ತೆಯ ನಡುವೆ ನಿಂತು, ಮಡಿದವರಿಗೆ ಗೌರವ ಸಲ್ಲಿಸುವ ‘ಲಾಸ್ಟ್ ಪೋಸ್ಟ್’ ನುಡಿಸುತ್ತಾರೆ. 1928ರಿಂದ ಈ ಕ್ರಮ ಪ್ರತಿ ಸಂಜೆ ನಡೆದುಬಂದಿದೆ. ಎರಡನೆಯ ಯುದ್ಧದಲ್ಲಿ ಜರ್ಮನರು ಪಟ್ಟಣವನ್ನು ಹಿಡಿದಿದ್ದಾಗ ನಿಂತದ್ದು, 1944ರ ಸೆಪ್ಟೆಂಬರಿನಲ್ಲಿ ಪೋಲಿಷ್ ಪಡೆಗಳು ಊರನ್ನು ಬಿಡಿಸಿದ ಸಂಜೆಯೇ ಪುನಃ ಮೊದಲಾಯಿತು. ಆ ಗೋಡೆಗಳ ಮೇಲೆ ಭಾರತದ ರೆಜಿಮೆಂಟುಗಳ ಪಟ್ಟಿಯೂ ಇದೆ.

1914ರ ಸೆಪ್ಟೆಂಬರಿನ ಕೊನೆಯಿಂದ ಮೊದಲ್ಗೊಂಡು ಮಾರ್ಸೇಲ್ಸ್ ಬಂದರಿನಲ್ಲಿ ಇಳಿದ ಲಾಹೋರ್ ಮತ್ತು ಮೀರತ್ ಡಿವಿಜನ್ನುಗಳ ಭಾರತೀಯ ಸೈನಿಕರನ್ನು, ಚಳಿಗಾಲಕ್ಕೆ ತಕ್ಕ ಉಡುಪು ಕೂಡ ಪೂರ್ಣವಾಗಿ ಒದಗಿರದ ಸ್ಥಿತಿಯಲ್ಲಿ, ಅಕ್ಟೋಬರಿನಲ್ಲಿಯೇ ಈ ರೇಖೆಗೆ ತಂದು ನಿಲ್ಲಿಸಲಾಯಿತು. ಅಕ್ಟೋಬರ್ 31ರಂದು ಈಪ್ರಿನ ಸಮೀಪದ ಹೊಲೆಬೆಕೆಯಲ್ಲಿ, ಮೆಷಿನ್ ಗನ್ನಿನ ತಂಡದವರೆಲ್ಲರೂ ಸತ್ತ ಮೇಲೆ ಗಾಯಗೊಂಡೂ ಗುಂಡು ಹಾರಿಸುತ್ತಲೇ ಇದ್ದು, ಸತ್ತನೆಂದು ಶತ್ರುಗಳು ಬಿಟ್ಟುಹೋದ ಬಳಿಕ ತೆವಳಿಕೊಂಡು ತನ್ನವರನ್ನು ಸೇರಿದ ಸಿಪಾಯಿ ಖುದಾದಾದ್ ಖಾನನು, ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕವಾದ ವಿಕ್ಟೋರಿಯ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕನಾದನು. ಭಾರತೀಯ ಸಿಪಾಯಿಗಳು ಆ ಪದಕಕ್ಕೆ ಅರ್ಹರೆಂದು ಒಪ್ಪಿದ್ದೇ 1911ರಲ್ಲಿ.

ಈಪ್ರಿನಿಂದ ದಕ್ಷಿಣಕ್ಕೆ, ಬಸ್ಸಿನಲ್ಲಿ ಒಂದು ಗಂಟೆಯೊಳಗೆ ತಲಪಬಹುದಾದ ನವ್ ಶಾಪೆಲ್ ಎಂಬ ಹಳ್ಳಿಯಿದೆ. 1915ರ ಮಾರ್ಚ್ 10ರ ಬೆಳಿಗ್ಗೆ ಇಲ್ಲಿ ನಡೆದ ಆಕ್ರಮಣದಲ್ಲಿ ಪಡೆಯ ಅರ್ಧಭಾಗ ಆ ಎರಡು ಡಿವಿಜನ್ನುಗಳು ಸೇರಿದ ಭಾರತೀಯ ಕೋರಿನದು. ಮೂರು ದಿನಗಳಲ್ಲಿ ಆ ಕೋರಿನ ಸಾವುನೋವು ನಾಲ್ಕು ಸಾವಿರವನ್ನು ಮೀರಿತು. ಗಢವಾಲಿನ ಗಬ್ಬರ್ ಸಿಂಗ್ ನೇಗಿ ಮರಣೋತ್ತರ ವಿಕ್ಟೋರಿಯ ಕ್ರಾಸ್ ಪಡೆದದ್ದು ಈ ಕದನದಲ್ಲಿ. ಹಳ್ಳಿಯ ಹೊರಗೆ ರಸ್ತೆಗಳು ಕೂಡುವಲ್ಲಿ, 1927ರಲ್ಲಿ, ವಾಸ್ತುಶಿಲ್ಪಿ ಹರ್ಬರ್ಟ್ ಬೇಕರನ ಯೋಜನೆಯಂತೆ ಕಟ್ಟಿದ ಭಾರತೀಯ ಸ್ಮಾರಕ ನಿಂತಿದೆ. ವರ್ತುಲಾಕಾರದ ಆವರಣ, ಜಾಲಂಧ್ರದಂತೆ ಕೊರೆದ ಕಲ್ಲಿನ ಕಟಾಂಜನ, ನಡುವೆ ಅಶೋಕನ ಸ್ತಂಭಗಳನ್ನು ನೆನಪಿಗೆ ತರುವ, ಸುಮಾರು 15 ಮೀಟರು ಎತ್ತರದ, ಪದ್ಮಶಿರಸ್ಸಿನ ಒಂದು ಕಂಬ, ಅದರ ಇಕ್ಕೆಲಗಳಲ್ಲಿ ಕಲ್ಲಿನ ಹುಲಿಗಳು. ಒಳಗೋಡೆಯ ಮೇಲೆ 4,700ಕ್ಕೂ ಹೆಚ್ಚು ಹೆಸರುಗಳು, ರೆಜಿಮೆಂಟಿನ ಪ್ರಕಾರ. ಸುಬೇದಾರ್, ಹವಾಲ್ದಾರ್, ನಾಯಕ್, ಸಿಪಾಯಿ, ಸವಾರ್ ಎಂಬ ನಮಗೆ ಬಳಕೆಯ ಪದವಿಗಳ ಕೆಳಗೆ ಸಿಂಗರೂ ಖಾನರೂ ಗುರುಂಗರೂ ಥಾಪಾಗಳೂ ಒಟ್ಟಾಗಿ ಓದಿಸಿಕೊಳ್ಳುತ್ತಾರೆ. ಹೋರಾಡಿದವರಷ್ಟೇ ಇಲ್ಲಿಲ್ಲ, ಹೊರೆ ಹೊತ್ತ ಕೂಲಿಗಳೂ ಇದ್ದಾರೆ. ಭಾರತೀಯ ಸೈನಿಕರು ಊರಿಗೆ ಬರೆದ ಕಾಗದಗಳನ್ನು ಸೇನೆಯ ತಪಾಸಣಾಧಿಕಾರಿಗಳು ಇಂಗ್ಲಿಷಿಗೆ ಭಾಷಾಂತರಿಸಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದುದರಿಂದ, ಆ ಕಾಗದಗಳ ಭಾಗಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಉಳಿದಿವೆ. ಒಳ್ಳೆಯ ಮಾರ್ಗದರ್ಶಕನು ಅವುಗಳಲ್ಲಿ ಒಂದೆರಡನ್ನು ಇಲ್ಲಿ ನಿಂತು ಓದಿಹೇಳಬೇಕು. ಬಹುಪಾಲು ತಂಡಗಳು ಈ ಸ್ಥಳವನ್ನು ಬಿಟ್ಟು ಮುಂದೆ ಹೋಗುತ್ತವೆ. ಭಾರತದಿಂದ ಹೋಗುವವರು ಹಣ ಕಟ್ಟುವ ಮೊದಲೇ ನವ್ ಶಾಪೆಲ್ ಹಾದಿಯಲ್ಲಿದೆಯೇ ಎಂದು ಕೇಳಬೇಕು, ಇಲ್ಲದಿದ್ದರೆ ಸೇರಿಸಿರೆಂದು ಹಟ ಹಿಡಿಯಬೇಕು.

ಮತ್ತೂ ದಕ್ಷಿಣಕ್ಕೆ ಹೋದರೆ ಸೋಮ್ ನದಿಯ ಬಯಲು. ಏಳು ದಿನಗಳಲ್ಲಿ 15 ಲಕ್ಷ ಫಿರಂಗಿ ಗುಂಡುಗಳನ್ನು ಸುರಿದ ಮೇಲೆ ಶತ್ರುವಿನ ಮುಳ್ಳುತಂತಿಯೆಲ್ಲ ಛಿದ್ರವಾಗಿರುತ್ತದೆಂದು ನಂಬಿ, 1916ರ ಜುಲೈ 1ರ ಬೆಳಿಗ್ಗೆ ಬ್ರಿಟಿಷ್ ಸೈನಿಕರು ಕಂದಕಗಳಿಂದ ಮೇಲೆದ್ದು ನಡೆದರು. ತಂತಿ ಬಹಳ ಕಡೆ ಹಾಗೆಯೇ ಇತ್ತು. ಆ ಒಂದೇ ದಿನ ಸತ್ತವರು 19,240. ಬೋಮೋಂ ಹಾಮೆಲ್‌ನಲ್ಲಿ ಅಂದಿನ ಕಂದಕಗಳು ಇಂದಿಗೂ ಹುಲ್ಲು ಹೊದ್ದು ಉಳಿದಿವೆ. ಅಲ್ಲಿಂದ ಹೊರಟ ಸುಮಾರು 800 ಮಂದಿ ನ್ಯೂಫೌಂಡ್‌ಲೆಂಡಿನವರಲ್ಲಿ ಮರುದಿನ ಹಾಜರಿ ಕರೆದಾಗ ಓಗೊಟ್ಟವರು 68. ಮುಳ್ಳುತಂತಿಯನ್ನು ಸೀಳಲು ಬಳಸಿದ ಒಂದು ಸಾಧನಕ್ಕೆ ನಮ್ಮ ಊರಿನ ಹೆಸರಿರುವುದು ಕನ್ನಡಿಗರಲ್ಲಿ ಅನೇಕರಿಗೆ ಗೊತ್ತಿರಲಾರದು: ಸ್ಫೋಟಕ ತುಂಬಿದ ಕೊಳವೆಗಳನ್ನು ಒಂದಕ್ಕೊಂದು ಜೋಡಿಸಿ, ಮರೆಯಲ್ಲಿ ಮಲಗಿಯೇ ತಂತಿಯ ಅಡಿಗೆ ತಳ್ಳಿ ಸಿಡಿಸುವ ‘ಬೆಂಗಳೂರು ಟಾರ್ಪಿಡೊ’. ಮದ್ರಾಸ್ ಸ್ಯಾಪರ್ಸ್ ದಳದ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ಬೆಂಗಳೂರಿನಲ್ಲಿ ಅದನ್ನು ರೂಪಿಸಿದನು. ತ್ಯೆಪ್ವಾಲಿನ ದಿಬ್ಬದ ಮೇಲೆ 72,000ಕ್ಕೂ ಅಧಿಕ ಹೆಸರುಗಳನ್ನು ಹೊತ್ತು ನಿಂತ ಇಟ್ಟಿಗೆಯ ಮಹಾಕಮಾನು ದೆಹಲಿಯ ಇಂಡಿಯಾ ಗೇಟನ್ನು ಕಂಡವರಿಗೆ ಅಪರಿಚಿತವೆನಿಸದು. ಎರಡನ್ನೂ ಯೋಜಿಸಿದವನು ವಾಸ್ತುಶಿಲ್ಪಿ ಲಟ್ಯನ್ಸ್. ಈ ಹೊಲಗಳಲ್ಲಿ ರೈತರು ಉತ್ತಾಗಲೆಲ್ಲ ತುಕ್ಕು ಹಿಡಿದ ಫಿರಂಗಿ ಗುಂಡುಗಳು ಇಂದಿಗೂ ಮೇಲೆ ಬರುತ್ತವೆ. ಅವನ್ನು ರಸ್ತೆಯ ಅಂಚಿನಲ್ಲಿ ಇಟ್ಟಿರುತ್ತಾರೆ, ಸೇನೆಯವರು ಬಂದು ಒಯ್ಯುತ್ತಾರೆ. ಪ್ರವಾಸಿಗಳು ಅವನ್ನು ಯಾವ ಕಾರಣಕ್ಕೂ ಮುಟ್ಟಬಾರದು. ನೂರು ವರ್ಷ ಕಳೆದರೂ ಅವು ಸಿಡಿಯಬಲ್ಲವು.

ಫ್ರಾನ್ಸಿನ ಪೂರ್ವದ ವರ್ಡೂನ್ ಫ್ರೆಂಚರ ಮತ್ತು ಜರ್ಮನರ ಗಾಯ. 1916ರ ಫೆಬ್ರವರಿ 21ರಿಂದ ಡಿಸೆಂಬರಿನವರೆಗೆ ಸುಮಾರು ಮೂರು ಲಕ್ಷ ಜನ ಅಲ್ಲಿ ಸತ್ತರು. ದುವೋಮೋಂ ಅಸ್ಥಿಮಂದಿರದಲ್ಲಿ ಗುರುತು ಸಿಕ್ಕದ 1,30,000 ಮಂದಿಯ ಮೂಳೆಗಳು, ಯಾವುದು ಯಾವ ದೇಶದ್ದೆಂದು ಬೇರ್ಪಡಿಸಲಾಗದೆ, ಒಟ್ಟಿಗೆ ಇವೆ. ಹೊರಗೋಡೆಯ ಕೆಳಗಿನ ಸಣ್ಣ ಕಿಟಕಿಗಳಿಗೆ ಬಾಗಿ ನೋಡಿದರೆ ಕಾಣುತ್ತವೆ. ಸುತ್ತಣ ಒಂಬತ್ತು ಹಳ್ಳಿಗಳನ್ನು ಫ್ರಾನ್ಸ್ ದೇಶಕ್ಕಾಗಿ ಮಡಿದ ಊರುಗಳೆಂದು ಘೋಷಿಸಿತು; ಅವುಗಳಲ್ಲಿ ಮನೆಗಳೂ ನಿವಾಸಿಗಳೂ ಇಲ್ಲದ ಫ್ಲರಿಯಂಥ ಊರುಗಳಿಗೆ ಇಂದಿಗೂ ಮೇಯರನನ್ನು ನೇಮಿಸುತ್ತಾರೆ.

ಎರಡು ಯುದ್ಧಗಳ ನಡುವಣ ಕೊಂಡಿಯನ್ನು ಕಾಣಬಯಸುವವರು ಕೋಂಪಿಯೆನ್ ಅರಣ್ಯದಲ್ಲಿ ಇಳಿಯಬೇಕು. 1918ರ ನವೆಂಬರ್ 11ರಂದು ಯಾವ ರೈಲು ಡಬ್ಬಿಯಲ್ಲಿ ಜರ್ಮನರು ಕದನವಿರಾಮಕ್ಕೆ ಸಹಿ ಹಾಕಿದರೋ, ಅದೇ ಡಬ್ಬಿಯನ್ನು ಅದೇ ಜಾಗಕ್ಕೆ ಎಳೆಸಿ, 1940ರ ಜೂನ್ 22ರಂದು ಹಿಟ್ಲರನು ಫ್ರೆಂಚರಿಂದ ಸಹಿ ಹಾಕಿಸಿದನು. ಆ ಡಬ್ಬಿ 1945ರಲ್ಲಿ ಜರ್ಮನಿಯಲ್ಲಿ ನಾಶವಾಯಿತು. ಈಗಿರುವುದು ಅದೇ ಮಾದರಿಯ ಇನ್ನೊಂದು.

ನಾರ್ಮಂಡಿಯ ತೀರದಲ್ಲಿ ಮಿತ್ರಸೇನೆಗಳು ಬಂದಿಳಿದ 1944ರ ಜೂನ್ 6ರ ಘಟನೆಗಳನ್ನು ವಾಚಕರು ಚಲನಚಿತ್ರಗಳಿಂದ ಬಲ್ಲರಾದುದರಿಂದ ವಿಸ್ತರಿಸುವುದಿಲ್ಲ. ಅಲ್ಲಿನ ಒಮಾಹಾ ತೀರದ ಮುಳ್ಳುತಂತಿಯನ್ನು ಸೀಳಿದ್ದೂ ಬೆಂಗಳೂರು ಟಾರ್ಪಿಡೊ ಎಂಬುದನ್ನು ಮಾತ್ರ ಸೇರಿಸುತ್ತೇನೆ. ಆ ತೀರದ ಮೇಲಣ ಅಮೆರಿಕನ್ ಶ್ಮಶಾನದಲ್ಲಿ 9,300ಕ್ಕೂ ಹೆಚ್ಚು ಗೋರಿಗಳಿವೆ. ಸತ್ತವನ ಬಂಧುಗಳು ಬಂದಾಗ, ಶ್ಮಶಾನದ ಸಿಬ್ಬಂದಿ ಕೆಳಗಿನ ತೀರದಿಂದ ತಂದ ಒದ್ದೆ ಮರಳನ್ನು ಬಿಳಿಯ ಅಮೃತಶಿಲೆಯ ಶಿಲುಬೆಯ ಮೇಲಿನ ಅಕ್ಷರಗಳೊಳಕ್ಕೆ ಬೆರಳಿನಿಂದ ತಿಕ್ಕಿ, ಮೇಲಿನದನ್ನು ಒರಸುತ್ತಾರೆ. ಅದುವರೆಗೆ ಬಿಳಿಯಲ್ಲಿ ಬಿಳಿಯಾಗಿ ಓದಲಾಗದಿದ್ದ ಹೆಸರು ಕಂದುಬಣ್ಣದಲ್ಲಿ ಎದ್ದು ಕಾಣುತ್ತದೆ. ಇದೇ ಪ್ರಾಂತದಲ್ಲಿ, ಬಿಡುಗಡೆಗಾಗಿಯೇ ಬಿದ್ದ ಬಾಂಬುಗಳಿಂದ, ಕಾನ್ ನಗರದ ಬಹುಭಾಗ ಪುಡಿಯಾಯಿತೆಂಬುದನ್ನೂ, ಸಾವಿರಾರು ನಾಗರಿಕರು ಸತ್ತರೆಂಬುದನ್ನೂ ಅನೇಕ ಪ್ರವಾಸಗಳು ಹಾರಿಸಿಬಿಡುತ್ತವೆ. ನಗರಗಳ ಕಥೆಯನ್ನು ಕೇಳಬೇಕೆಂದವರಿಗೆ ಜರ್ಮನಿಯ ಡ್ರೆಸ್ಡೆನ್ ಇದೆ. 1945ರ ಫೆಬ್ರವರಿಯಲ್ಲಿ ಸುಮಾರು 25,000 ಜನ ಸತ್ತ ಬಾಂಬುದಾಳಿಯಲ್ಲಿ ಕುಸಿದ ಅಲ್ಲಿನ ಚರ್ಚನ್ನು 2005ರಲ್ಲಿ ಪುನಃ ಪೂರ್ಣಗೊಳಿಸಿದಾಗ, ಹಳೆಯ ಕರಿಯ ಕಲ್ಲುಗಳನ್ನು ಹೊಸ ಕಲ್ಲುಗಳ ನಡುವೆ ಹಾಗೆಯೇ ಸೇರಿಸಿದರು.

ಇಟಲಿಯ ರಣಭೂಮಿಗಳಿಗೆ ಹೋಗುವ ತಂಡಗಳು ಇವಕ್ಕಿಂತ ವಿರಳ, ಆದರೆ ಕರ್ನಾಟಕದವರಿಗೆ ಅತ್ಯಂತ ಹತ್ತಿರದ ಹಾದಿ ಅದು. ಎರಡನೆಯ ಯುದ್ಧದಲ್ಲಿ ಅಲ್ಲಿ ಐದು ಸಾವಿರಕ್ಕೂ ಹೆಚ್ಚು ಭಾರತೀಯರು ಮಡಿದರು. ಬೆಳಗಾವಿಯಲ್ಲಿ ತರಬೇತಿ ಕೇಂದ್ರವುಳ್ಳ ಮರಾಠಾ ರೆಜಿಮೆಂಟಿನ ಯಶವಂತ ಘಾಡ್ಗೆ 1944ರ ಜುಲೈನಲ್ಲಿ ಟೈಬರ್ ಕಣಿವೆಯಲ್ಲಿ ಪ್ರಾಣತೆತ್ತು, ನಾಮದೇವ ಜಾಧವ 1945ರ ಏಪ್ರಿಲ್‌ನಲ್ಲಿ ಸೆನಿಯೊ ನದಿಯ ದಂಡೆಯಲ್ಲಿ ಹೋರಾಡಿ, ವಿಕ್ಟೋರಿಯ ಕ್ರಾಸ್ ಪಡೆದರು. ಕಾಸಿನೊ, ಸಾಂಗ್ರೊ ನದಿ, ಫೋರ್ಲಿ — ಈ ಮೂರು ಕಡೆಗಳಲ್ಲಿ ಅವರ ಸಂಗಡಿಗರ ಗೋರಿಗಳೂ, ಸಾಂಗ್ರೊದಲ್ಲಿ ಮತ್ತು ಫೋರ್ಲಿಯಲ್ಲಿ ದಹನಸಂಸ್ಕಾರವಾದವರ ಸ್ಮಾರಕಗಳೂ ಇವೆ. ರೋಮನ್ನು ನೋಡಲು ಹೋಗುವ ನಮ್ಮವರು ಒಂದು ದಿನವನ್ನು ಮಿಗಿಸಿಕೊಂಡರೆ, ದಕ್ಷಿಣದ ಕಾಸಿನೊ ರೈಲಿನಲ್ಲಿ ಎರಡು ಗಂಟೆಯ ದಾರಿ.